ಕೃಷಿ ಬೇಡಿಕೆ ಮತಕ್ಕೆ ಬಿದ್ದ ದಿನ

ಸಿಟ್ಟು ಇಳಿದ ಮೇಲೆ ಬರೆಯೋಣ ಎಂದುಕೊಂಡಿದ್ದೆ. ಎರಡು ವರ್ಷ ಕಾದೆ. ಇಳಿಯುವ ಲಕ್ಷಣ ಕಾಣಲಿಲ್ಲ, ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಆಗ ನಾನು ಹುನಗುಂದ ತಾಲ್ಲೂಕಿನ ಒಂದು ರೈತ ಸಂಪರ್ಕ ಕೇಂದ್ರದಲ್ಲಿ ಕೃಷಿ ಅಧಿಕಾರಿಯಾಗಿದ್ದೆ. ಮನೆ ಇಳಕಲ್ಲಿನಲ್ಲಿ, ದಿನವೂ ಬಸ್ಸಿನ ಓಡಾಟ. ಹಿಂಗಾರಿ ಬಿತ್ತನೆಗೆ ಮುಂಚೆ ರಿಯಾಯಿತಿ ದರದ ಕಡಲೆ ಬೀಜ ಹಂಚುವುದು ನಮ್ಮ ಕೇಂದ್ರದ ದೊಡ್ಡ ಕೆಲಸ. ಆ ವರ್ಷ ಬಂದ ಚೀಲಗಳಲ್ಲಿ ಒಂದು ಲಾಟು ಕೆಟ್ಟಿತ್ತು. ಚೀಲದ ಮೇಲೆ ಪ್ರಮಾಣಪತ್ರದ ಚೀಟಿ ಇತ್ತು, ಸೀಲು ಇತ್ತು. ಒಳಗಿನ ಕಾಳು ಮಾತ್ರ ಸತ್ತಿತ್ತು.

ಅದನ್ನು ಮೊದಲು ನನಗೆ ಹೇಳಿದವರು ಐಹೊಳೆ ಕಡೆಯ ಒಬ್ಬ ಹೆಣ್ಣುಮಗಳು. ಅವರ ಗಂಡ ಗುಡಿಗಳ ಹತ್ತಿರ ಪ್ರವಾಸಿಗರಿಗೆ ಗೈಡ್. ಹೊಲವೆಲ್ಲ ಇವರ ಕೈಯಲ್ಲೇ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ಅಕ್ಕ ಎನ್ನುತ್ತಿದ್ದೆ.

ಕೇಂದ್ರದ ಬಾಗಿಲಲ್ಲಿ ನಿಂತು, "ಮೇಡಮ್ರ, ಬಂದು ನೋಡ್ರಿ," ಎಂದರು. "ಎಂಟು ದಿನ ಆತು. ಬಿತ್ತಿದ್ದು ನನಗಷ್ಟ ಗೊತ್ತೈತಿ, ಹೊಲಕ್ಕ ಗೊತ್ತಿಲ್ಲ."

ಹೋಗಿ ನೋಡಿದೆ. ಸಾಲಿನ ಮಣ್ಣು ಕೆದರಿದರೆ ಕಾಳು ಉಬ್ಬಿ ಕೊಳೆತಿತ್ತು, ಬೆರಳಿಗೆ ಮೆತ್ತಿಕೊಂಡಿತು. ಮೂಗು ಮುಚ್ಚುವ ಹಾಗೆ ವಾಸನೆ. ನಾನು ತಪ್ಪಾಯಿತು ಅಕ್ಕ ಎಂದೆ.

"ನೀವ್ಯಾಕ ತಪ್ಪಾತು ಅಂತೀರಿ? ನೀವು ಚೀಲ ಕೊಟ್ಟಾವ್ರು. ಒಳಗ ಜೀವ ಐತೋ ಇಲ್ಲೋ ನಿಮಗರ ಹೆಂಗ ಗೊತ್ತಾಗಬೇಕು?"

ಸಮಾಧಾನ ಹೇಳಲೆಂದು ಅವರು ಆಡಿದ ಮಾತು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಯಾಕೆಂದರೆ ನಿಜವಾಗಿಯೂ ಗೊತ್ತಾಗುವ ದಾರಿ ನಮಗಿರಲಿಲ್ಲ. ಮಾದರಿ ತೆಗೆದು ದೂರದ ಪ್ರಯೋಗಾಲಯಕ್ಕೆ ಕಳಿಸಬೇಕು, ವರದಿ ಬರುವಷ್ಟರಲ್ಲಿ ಬಿತ್ತನೆ ಮುಗಿದಿರುತ್ತದೆ. ಬೇಕಿದ್ದದ್ದು ತಾಲ್ಲೂಕಿನಲ್ಲಿ ಒಂದು ಕೋಣೆ, ಮೊಳಕೆ ನೋಡಲು ಕೆಲವು ತಟ್ಟೆ, ಕಲಿತ ಒಬ್ಬ ಮನುಷ್ಯ. ಅದಕ್ಕಾಗಿ ನನಗಿಂತ ಮೊದಲಿದ್ದವರೂ ಬರೆದಿದ್ದರು, ನಾನೂ ಬರೆದಿದ್ದೆ. ಪ್ರತಿ ಸಲವೂ ಒಂದೇ ಉತ್ತರ: ಆಯವ್ಯಯದಲ್ಲಿ ಅವಕಾಶವಿರುವುದಿಲ್ಲ.

"ಆಯವ್ಯಯ ಅಂದ್ರೇನ್ರಿ?" ಎಂದು ಅಕ್ಕ ಕೇಳಿದರು.

"ಬಜೆಟ್ ಅಕ್ಕ."

"ಅದನ್ನ ಪಾಸ್ ಮಾಡೋರು ಯಾರು?"

ಬದುವಿನ ಮೇಲೆ ಕೂತು ನಾನು ಪಾಠ ಹೇಳಿದೆ. ಇಲಾಖೆ ತನಗೆ ಬೇಕಾದದ್ದನ್ನು ಬರೆಯುತ್ತದೆ, ಹಣಕಾಸಿನವರು ಕತ್ತರಿಸುತ್ತಾರೆ, ಬೆಂಗಳೂರಿನ ವಿಧಾನಸಭೆಯಲ್ಲಿ ಬಜೆಟ್ ಓದುತ್ತಾರೆ. ಆಮೇಲೆ ಒಂದೊಂದು ಇಲಾಖೆಯದೂ ಬೇಡಿಕೆ ಎಂಬ ಹೆಸರಿನಲ್ಲಿ ಸದನದ ಮುಂದೆ ಬರುತ್ತದೆ. ಶಾಸಕರು ಅದರ ಮೇಲೆ ಮಾತಾಡುತ್ತಾರೆ, ಇದು ಸಾಲದು, ಅದು ಬಿಟ್ಟುಹೋಗಿದೆ ಎನ್ನುತ್ತಾರೆ. ಮಂತ್ರಿ ಉತ್ತರ ಕೊಡುತ್ತಾರೆ. ಕೊನೆಗೆ ಮತಕ್ಕೆ ಹಾಕುತ್ತಾರೆ. ಸದನ ಹೌದು ಎನ್ನದೆ ಸರ್ಕಾರ ಬೊಕ್ಕಸ ಮುಟ್ಟುವಂತಿಲ್ಲ.

"ಅಂದ್ರ ನಮ್ಮ ಎಮ್ಮೆಲ್ಲೆ ಸಾಹೇಬ್ರೂ ಹ್ಞೂಂ ಅನಬೇಕು."

"ಹೌದು."

"ಹಂಗಾರ ಅವರಿಗೇ ಹೇಳೂನು ನಡೀರಿ."

ನಾನು ಹೇಳಿದ್ದನ್ನು ಅವರು ನಂಬಿದರು. ಹೇಳುವಾಗ ನಾನೂ ನಂಬಿದ್ದೆ.

ಚಳಿಗಾಲದಲ್ಲಿ ನಮ್ಮ ಭಾಗದ ಶಾಸಕರೊಬ್ಬರು ಹೋಬಳಿಗೆ ಗೋದಾಮು ಉದ್ಘಾಟನೆಗೆ ಬಂದರು. ಪಕ್ಷ ಯಾವುದೆಂದು ಹೇಳುವುದಿಲ್ಲ, ಯಾವುದಾಗಿದ್ದರೂ ನಡೆಯುವುದು ಇದೇ. ಅಕ್ಕ ಜನರನ್ನು ಸರಿಸಿಕೊಂಡು ಹೋಗಿ ಅವರ ಮುಂದೆ ನಿಂತು ಎಲ್ಲ ಹೇಳಿದರು. ಅವರು ನಿಂತು ಕೇಳಿದರು, ಅದನ್ನು ಒಪ್ಪಬೇಕು. ನನ್ನ ಕಡೆ ತಿರುಗಿ, "ಬರದು ಕೊಡ್ರಿ ಮೇಡಮ್. ಕೃಷಿ ಬೇಡಿಕಿ ಚರ್ಚಾಕ್ಕ ಬಂದಾಗ ನಾನ ಎತ್ತತೇನಿ," ಎಂದರು.

ಎರಡು ಪುಟ ಬರೆದೆ. ಒಂದು ಭಾನುವಾರ ಪೂರ್ತಿ ಹೋಯಿತು. ಬಾಗಲಕೋಟೆಯಲ್ಲಿ ಅವರ ಕೈಗೇ ಕೊಟ್ಟೆ. ನನ್ನ ಎದುರಿಗೇ ಓದಿದರು, ಎರಡು ಒಳ್ಳೆಯ ಪ್ರಶ್ನೆ ಕೇಳಿದರು. "ನೀವೂ ಆ ಅಕ್ಕಾನೂ ಬಂದು ಕುಂತು ಕೇಳ್ರಿ, ಗ್ಯಾಲರಿ ಪಾಸ್ ಮಾಡಸ್ತೇನಿ," ಎಂದೂ ಹೇಳಿದರು. ಅಂದು ಬಸ್ಸಿನಲ್ಲಿ ಇಳಕಲ್ಲಿಗೆ ಮರಳುವಾಗ ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಅದನ್ನು ನೆನೆದರೆ ಈಗ ನನ್ನ ಮೇಲೇ ನಾಚಿಕೆ ಬರುತ್ತದೆ.

ಮಾರ್ಚಿನಲ್ಲಿ ರಜೆ ಹಾಕಿ ಅಕ್ಕನ ಜೊತೆ ಬಾದಾಮಿಯಲ್ಲಿ ರೈಲು ಹತ್ತಿದೆ. ಮರುದಿನ ವಿಧಾನಸೌಧದ ಬಾಗಿಲಲ್ಲಿ ಫೋನು, ಚೀಲ, ಬುತ್ತಿಗಂಟು ಎಲ್ಲ ಇಟ್ಟು ಮೇಲಿನ ಗ್ಯಾಲರಿಯಲ್ಲಿ ಕೂತೆವು. ಅಕ್ಕ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಪುರಾಣಕ್ಕೆ ಕೂತವರ ಹಾಗೆ ಕೈಕಟ್ಟಿ ಕೂತರು.

ಕೆಳಗೆ ಗದ್ದಲ. ಹಿಂದಿನ ದಿನ ಒಬ್ಬ ಸದಸ್ಯ ಇನ್ನೊಬ್ಬ ಸದಸ್ಯನಿಗೆ ಏನೋ ಅಂದಿದ್ದನಂತೆ, ಅದಕ್ಕೆ ಕ್ಷಮೆ ಕೇಳಬೇಕೆಂದು ಒಂದು ಗುಂಪು ಸಭಾಧ್ಯಕ್ಷರ ಪೀಠದ ಮುಂದೆ ನಿಂತು ಕೂಗುತ್ತಿತ್ತು. ಇನ್ನೊಂದು ಗುಂಪು ಕೂತಲ್ಲಿಂದಲೇ ಕೂಗುತ್ತಿತ್ತು. ನಡುವೆ ನಗುವವರಿದ್ದರು, ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ಹರಟುವವರಿದ್ದರು. ನಾನು ಎರಡು ಪುಟ ಬರೆದಿದ್ದು ಇವರಿಗಾಗಿ.

ಗದ್ದಲ ನಿಲ್ಲದಿದ್ದಾಗ ಸಭಾಧ್ಯಕ್ಷರು ಬೇಡಿಕೆಗಳನ್ನು ಚರ್ಚೆಯಿಲ್ಲದೆ ಮತಕ್ಕೆ ಹಾಕುತ್ತೇನೆಂದರು. ಕೃಷಿಯದೇ ಮೊದಲು. ಮಂತ್ರಿ ಎದ್ದು ನಿಂತು ಬಾಯಿ ಆಡಿಸಿ ಕೂತರು, ಏನೆಂದರೋ ಒಬ್ಬರಿಗೂ ಕೇಳಲಿಲ್ಲ. ಸಭಾಧ್ಯಕ್ಷರು ಕಾಗದ ನೋಡಿಕೊಂಡು, "ಪರವಾಗಿರುವವರು ಹೌದು ಎನ್ನಿ," ಎಂದರು.

ಹೌದು ಎಂಬ ಸದ್ದು ಎದ್ದಿತು. ನಮ್ಮ ಶಾಸಕರನ್ನು ಹುಡುಕಿದೆ. ತಮ್ಮ ಕುರ್ಚಿಯಲ್ಲೇ ಇದ್ದರು. ಮೇಜಿನ ಮರೆಯಲ್ಲಿ ಫೋನು ನೋಡುತ್ತಿದ್ದರು. ತಲೆ ಎತ್ತದೆ, ಎಲ್ಲರ ಜೊತೆ ಅವರೂ ಹೌದು ಎಂದರು.

"ವಿರುದ್ಧವಾಗಿರುವವರು ಇಲ್ಲ ಎನ್ನಿ."

ಪೀಠದ ಮುಂದೆ ಕೂಗುತ್ತಿದ್ದವರಿಗೆ ಇದು ಕೇಳಿಸಲೇ ಇಲ್ಲ. ನನ್ನ ಪಕ್ಕದಲ್ಲಿ ಅಕ್ಕ ಎದ್ದು ನಿಂತರು.

"ಇಲ್ರಿ! ಇಲ್ಲ! ನಮ್ಮ ಸಾಹೇಬ್ರು ಇನ್ನೂ ಮಾತಾಡಿಲ್ರಿ!"

ಹೊಲದ ಈ ತುದಿಯಿಂದ ಆ ತುದಿಗೆ ಕರೆದು ರೂಢಿಯಾದ ಗಂಟಲು. ಇಡೀ ಸದನ ಮೇಲೆ ನೋಡಿತು. ಅಷ್ಟು ಹೊತ್ತಿನ ಗದ್ದಲ ಒಂದು ಗಳಿಗೆ ನಿಂತಿತು. ಅಷ್ಟರಲ್ಲಿ ಇಬ್ಬರು ಮಹಿಳಾ ಮಾರ್ಷಲ್‌ಗಳು ಬಂದು ಅವರ ರಟ್ಟೆ ಹಿಡಿದಿದ್ದರು. ನಾನು ಹಿಂದೆಯೇ ಓಡಿದೆ. ಬಾಗಿಲು ದಾಟುವಾಗ ಬೆನ್ನ ಹಿಂದೆ, ಬೇಡಿಕೆ ಅಂಗೀಕಾರವಾಗಿದೆ ಎಂದದ್ದು ಕೇಳಿಸಿತು. ಇಡೀ ರಾಜ್ಯದ ಒಕ್ಕಲುತನದ ಒಂದು ವರ್ಷ ಒಂದು ಲೋಟ ಚಹಾ ಆರುವಷ್ಟರಲ್ಲಿ ಮುಗಿದಿತ್ತು.

ಒಂದು ಸಣ್ಣ ಕೋಣೆಯಲ್ಲಿ ಕೂರಿಸಿದರು. ಅಲ್ಲಿದ್ದ ಅಧಿಕಾರಿ, "ಗ್ಯಾಲರಿಯಲ್ಲಿ ಮಾತಾಡಬಾರದು ಅಂತ ಗೊತ್ತಿಲ್ವೇನಮ್ಮ?" ಎಂದು ಗದರಿದರು.

"ಅವ್ರ ಕೇಳಿದ್ರಲ್ರಿ," ಎಂದರು ಅಕ್ಕ. "ಇಲ್ಲ ಅನ್ನೋರು ಇಲ್ಲ ಅನ್ರಿ ಅಂದ್ರು. ಅದಕ್ಕ ಅಂದೆ."

"ನಿಮ್ಮನ್ನ ಕರ್ಕೊಂಡು ಬಂದವರು ಯಾರು?"

ನಾನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ. ಸರ್ಕಾರಿ ನೌಕರಿಯವಳು. ಬಾಯಿ ಬರಲಿಲ್ಲ. ಅಕ್ಕ ನನ್ನತ್ತ ನೋಡಲಿಲ್ಲ. "ನಾ ಒಬ್ಬಾಕಿನ ಬಂದೇನ್ರಿ," ಎಂದರು.

ಆಮೇಲೆ ನಾನು ಮುಂದೆ ಬಂದು ನಾನೇ ಕರೆತಂದದ್ದು ಎಂದೆ. ಹೇಗೂ ಪಾಸಿನಲ್ಲಿ ಇಬ್ಬರ ಹೆಸರೂ ಇತ್ತು, ಹೇಳಿ ದೊಡ್ಡವಳಾಗಲಿಲ್ಲ. ಆ ಮೊದಲಿನ ಮೌನವನ್ನು ಯಾರೂ ನನಗೆ ಎತ್ತಿ ಆಡಿಲ್ಲ. ನಾನೇ ಆಡಿಕೊಳ್ಳುತ್ತೇನೆ.

ಕ್ಷಮಾಪಣೆ ಬರೆಸಿಕೊಂಡು ಬಿಟ್ಟರು. ಹೊರಗೆ ಬಂದು ಫೋನು ಇಸಿದುಕೊಂಡ ಕೂಡಲೇ ಶಾಸಕರ ಕರೆ. "ಏನ್ ಮಾಡಿದ್ರಿ ಮೇಡಮ್? ನನ್ನ ಪಾಸ್ ಮ್ಯಾಲೆ ಬಂದು ನನ್ನ ಮರ್ಯಾದಿ ಕಳದ್ರಲ್ಲ!"

"ಸರ್, ನಮ್ಮ ಎರಡು ಪುಟ?"

"ಗದ್ದಲ ಇತ್ತು, ಕಾಣಲಿಲ್ಲೇನು? ಬಿಡ್ರಿ, ಮುಂದಿನ ಅಧಿವೇಶನಕ್ಕ ಪ್ರಶ್ನಿ ಹಾಕ್ತೇನಿ."

ಪ್ರಶ್ನೆ ಹಾಕಿದರು, ಸುಳ್ಳು ಹೇಳಬಾರದು. ಅದು ಬೆಂಗಳೂರಿನಿಂದ ಬಾಗಲಕೋಟೆಗೆ, ಅಲ್ಲಿಂದ ಹುನಗುಂದಕ್ಕೆ ಇಳಿಯುತ್ತಾ ಇಳಿಯುತ್ತಾ, ಸಂಜೆಯೊಳಗೆ ಉತ್ತರ ಕಳಿಸಿ ಎಂಬ ಷರಾದೊಂದಿಗೆ ನನ್ನ ಮೇಜಿಗೇ ಬಂತು. ನನ್ನವೇ ವಾಕ್ಯಗಳು. ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಸೇರಿಸಿದ್ದರು, ಅಷ್ಟೇ. ಮೊಳಕೆ ಪರೀಕ್ಷೆಯ ಸೌಲಭ್ಯವಿಲ್ಲದೆ ಕಳಪೆ ಬೀಜ ಹಂಚಿಕೆಯಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?

ಮೇಲಧಿಕಾರಿ ಕೆಟ್ಟವರಲ್ಲ. ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು: "ಬಂದಿರುವುದಿಲ್ಲ ಅಂತ ಬರೀರಿ. ಬಂದಿದೆ ಅಂದ್ರ ಮುಂದಿಂದಕ್ಕೆಲ್ಲ ಉತ್ತರ ಹೇಳಬೇಕಾಗ್ತೈತಿ."

ನಾನು 'ಬಂದಿದೆ' ಎಂದು ಬರೆದೆ. ಹಳೆಯ ಪತ್ರಗಳ ಪ್ರತಿಗಳನ್ನೆಲ್ಲ ಲಗತ್ತಿಸಿದೆ. ಅವರು ಓದಿ, ನನ್ನ ಮುಖ ನೋಡಿ, ಸಹಿ ಮಾಡಿ ಕಳಿಸಿದರು. ಮೇಲೆ ಯಾವ ಮೆಟ್ಟಿಲಲ್ಲಿ ತಿದ್ದಿದರೋ ತಿಳಿಯದು. ಸದನದಲ್ಲಿ ಮಂಡಿಸಿದ ಉತ್ತರದಲ್ಲಿ ಮೊದಲನೆಯದಕ್ಕೆ 'ಬಂದಿರುವುದಿಲ್ಲ', ಎರಡನೆಯದಕ್ಕೆ 'ಉದ್ಭವಿಸುವುದಿಲ್ಲ' ಎಂದಿತ್ತು. ಒಂದು ತಿಂಗಳೊಳಗೆ ಗ್ಯಾಲರಿಯ ವಿಷಯಕ್ಕೆ ನನಗೆ ಕಾರಣ ಕೇಳಿ ನೋಟಿಸು, ಅದರ ಹಿಂದೆಯೇ ಜಿಲ್ಲೆಯ ಇನ್ನೊಂದು ತುದಿಗೆ ವರ್ಗಾವಣೆ.

ಹೊರಡುವ ಮುನ್ನ ಐಹೊಳೆಗೆ ಹೋಗಿ ಆ ಉತ್ತರವನ್ನು ಅಕ್ಕನಿಗೆ ಓದಿ ಹೇಳಿದೆ.

"ಉದ್ಭವಿಸುವುದಿಲ್ಲ ಅಂದ್ರೇನ್ರಿ?"

"ಹುಟ್ಟಂಗಿಲ್ಲ ಅಂತ, ಅಕ್ಕ."

"ಯಾವುದು, ಆ ಬೀಜ ಏನ್ರಿ?" ಎಂದು ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ಸಿಟ್ಟಿಗೆ ಬಂದ ನೀರು.

ಅಂದು ಅವರಿಗೆ ಒಂದು ಕೆಲಸ ಕಲಿಸಿದೆ. ಚೀಲದ ಬೇರೆ ಬೇರೆ ಕಡೆಯಿಂದ ನೂರು ಕಾಳು ತೆಗೆದು, ಒದ್ದೆ ಗೋಣಿತಾಟಿನ ಮೇಲೆ ಸಾಲಾಗಿ ಇಟ್ಟು, ಸುರುಳಿ ಸುತ್ತಿ ನೆರಳಿನಲ್ಲಿ ಇಡಬೇಕು. ದಿನಾ ನೀರು ಚಿಮುಕಿಸಿ, ವಾರದ ಮೇಲೆ ಬಿಚ್ಚಿ ಮೊಳಕೆ ಎಣಿಸಬೇಕು. ಅಕ್ಕ ಅದನ್ನು ಓಣಿಯ ಹೆಂಗಸರಿಗೆಲ್ಲ ಕಲಿಸಿದರು. ಮುಂದಿನ ಹಿಂಗಾರಿಯಲ್ಲಿ ಅವರು ಬಿತ್ತುವ ಮೊದಲೇ ಪರೀಕ್ಷೆ ಮಾಡಿ, ಕೆಟ್ಟ ಚೀಲಗಳನ್ನು ಟಂಟಂ ರಿಕ್ಷಾದಲ್ಲಿ ಹೇರಿಕೊಂಡು ಕೇಂದ್ರದ ಬಾಗಿಲಿಗೆ ತಂದು ಒಟ್ಟಿದರು. ಬದಲಿ ಬೀಜ ಕೊಡುವವರೆಗೆ ಎದ್ದು ಹೋಗಲಿಲ್ಲ. ಆ ವರ್ಷ ಅವರ ಹೊಲ ಸಾಲು ತಪ್ಪದೆ ಹುಟ್ಟಿತು.

ಕಥೆ ಇಲ್ಲಿಗೆ ಚೆನ್ನಾಗಿ ಮುಗಿಯಿತಲ್ಲ ಎಂದು ಹೇಳಿದವರಿದ್ದಾರೆ. ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಅಲ್ಲೇ. ಇಲಾಖೆ ಮಾಡಬೇಕಾದ ಕೆಲಸವನ್ನು ಆ ಹೆಂಗಸರು ಮನೆಗೆಲಸ, ಹೊಲದ ಕೆಲಸದ ನಡುವೆ ಪುಕ್ಕಟೆ ಮಾಡುತ್ತಿದ್ದಾರೆ. ಇಲಾಖೆ ಅವರ ಫೋಟೋ ತೆಗೆದು, 'ರೈತ ಮಹಿಳೆಯರ ಸ್ವಪ್ರೇರಣೆ' ಎಂದು ಬರೆದು ಪ್ರದರ್ಶನದಲ್ಲಿ ತೂಗುಹಾಕಿತು. ಬಾಗಲಕೋಟೆಯಲ್ಲಿ ಅಕ್ಕನಿಗೆ ಸನ್ಮಾನವೂ ಆಯಿತು. ಅದೇ ಶಾಸಕರು ಶಾಲು ಹಿಡಿದು ಬಂದರು. ನಾನು ಹಿಂದಿನ ಸಾಲಿನಲ್ಲಿದ್ದೆ.

ಅಕ್ಕ ಕೈ ಅಡ್ಡ ಹಿಡಿದರು. ಮೈಕು ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು.

"ಶಾಲು ಮನ್ಯಾಗ ಅದಾವ್ರಿ ಸಾಹೇಬ್ರ. ಬೀಜ ನೋಡಾಕ ಖೋಲಿ ಯಾವಾಗ ಕೊಡ್ತೀರಿ, ಅದನ್ನ ಹೇಳ್ರಿ."

ಶಾಸಕರು ನಕ್ಕು, "ಈ ಸಲ ಬಜೆಟ್‌ನಾಗ ನೋಡೂನು," ಎಂದರು. ಜನ ಚಪ್ಪಾಳೆ ತಟ್ಟಿದರು. ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಅಕ್ಕ ಕೆಳಗಿಳಿದು ಬಂದರು, ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದೆವು. ಆ ಸಲದ ಬಜೆಟ್ ಬಂತು. ಕೃಷಿ ಬೇಡಿಕೆ ಅಂಗೀಕಾರವೂ ಆಯಿತು, ಮತ್ತೆ ಧ್ವನಿಮತದಿಂದ. ಬಜೆಟ್ ಪುಸ್ತಕ ತರಿಸಿಕೊಂಡು ನಮ್ಮ ತಾಲ್ಲೂಕಿನ ಹೆಸರು ಹುಡುಕಿದೆ. ಕೋಣೆಯ ಮಾತು ಎಲ್ಲಿಯೂ ಇರಲಿಲ್ಲ.