ಅಮ್ಮ ಬಿಟ್ಟ ಜಾಗ

ಅಮ್ಮನ ಹಾಡು ರೆಕಾರ್ಡು ಮಾಡಿ ಹೊಂದಿಸಿಕೊಟ್ಟ ಆ ಮಿಕ್ಸಿಂಗ್ ಮಹಾಶಯನನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಅಮ್ಮ ಅವನನ್ನು ಎಂದೋ ಕ್ಷಮಿಸಿಬಿಟ್ಟಿದ್ದಾಳೆ. ಅದಕ್ಕೂ ನನಗೆ ಸಿಟ್ಟು.

ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿದ್ದವಳು. ವಾರವಿಡೀ ಹಬೆಯಲ್ಲಿ ನಿಂತು ಬೆಡ್‌ಶೀಟು ಮಡಚಿ, ಭಾನುವಾರ ನಮ್ಮ ಪುಟ್ಟ ಪ್ರಾರ್ಥನಾಲಯದಲ್ಲಿ ಹಾಡು ಹೇಳಿಕೊಡುತ್ತಿದ್ದಳು. ಒಂದು ಸಾಲು ಹಾಡುವಳು, ಬಲಗೈ ಎತ್ತಿ ಸುಮ್ಮನಾಗುವಳು. ಆ ಬಿಡುವಿನಲ್ಲಿ ಸಭೆಯೆಲ್ಲ "ಹೌದು ಕರ್ತನೇ!" ಎನ್ನಬೇಕು. ಕೈ ಇಳಿದ ಮೇಲೆಯೇ ಮುಂದಿನ ಸಾಲು.

ಗಂಟಲಲ್ಲಿ ಗಡ್ಡೆ ಬೆಳೆದಿದೆ, ಧ್ವನಿಪೆಟ್ಟಿಗೆ ತೆಗೆಯಲೇಬೇಕು ಎಂದರು ಡಾಕ್ಟರು. ಅಮ್ಮ ನನ್ನನ್ನು ಕೇಳಿದ್ದು ಒಂದೇ.

"ನಿನ್ನ ಆ ಢಮಢಮ ಬ್ಯಾಂಡಲ್ಲೇ ಆಗ್ಲಿ, ನನ್ನದೊಂದು ಹಾಡು ಹಿಡಿದಿಡು. ನನ್ನ ಬಾಯಿ ಕಟ್ಟಿಹೋದ್ರೂ ನಮ್ಮೋರು ನಂಗೆ ಉತ್ತರ ಕೊಡ್ತಾ ಇರ್ಬೇಕು ಕಣೋ."

ನಾನು ಗಿಟಾರು, ಗೆಳೆಯ ಡ್ರಮ್ಸು, ಹೇಗೋ ಹಾಡು ಕಟ್ಟಿದೆವು. ಸ್ಟುಡಿಯೋ ಎಂದರೆ ಗ್ಯಾರೇಜಿನ ಮೇಲೊಂದು ಕೋಣೆ, ಗೋಡೆಗೆ ಹಳೇ ಹಾಸಿಗೆ ಒರಗಿಸಿದ್ದರು. ಸೆಕೆಯೋ ಸೆಕೆ. ಅಮ್ಮ ಹಾಡಿದಳು. ಸಾಲು ಮುಗಿದಾಗಲೆಲ್ಲ ಕೈ ಎತ್ತಿ ನಿಂತಳು.

"ಆಂಟಿ, ಸಾಲು ಮರೆತೋಯ್ತಾ?" ಎಂದ ಮಿಕ್ಸಿಂಗಿನವ.

"ಇಲ್ಲಪ್ಪ. ಅವರು ಹೇಳ್ತಾ ಇದಾರೆ, ತಡಿ."

"ಯಾರು?"

ಅಮ್ಮ ನಕ್ಕಳು. ನಾನೇ ಅವನಿಗೆ ಬಿಡಿಸಿ ಹೇಳಿದೆ: ಆ ಜಾಗ ಜನರದ್ದು, ಕೈ ಹಾಕಬೇಡ ಮಾರಾಯ. ಗೋಣು ಆಡಿಸಿದ. ಆಮೇಲೆ ಕೇಳಿದಾಗಲೆಲ್ಲ "ಇನ್ನೇನು ಆಯ್ತು ಗುರೂ" ಎಂಬ ರಾಗ. ಅಷ್ಟರಲ್ಲಿ ಆಪರೇಷನ್ನೂ ಆಯಿತು, ಅಮ್ಮನ ದನಿಯೂ ಹೋಯಿತು. ಹಾಡು ಕೈಗೆ ಸಿಕ್ಕಿದ್ದು ಪ್ರಾರ್ಥನಾಲಯದಲ್ಲಿ ಅದರ ಬಿಡುಗಡೆಗೆ ಜನ ಬಂದು ಕೂತ ಮೇಲೆ.

ಮುಂದಿನ ಬೆಂಚಿನಲ್ಲಿ ಅಮ್ಮ, ಕುತ್ತಿಗೆಗೆ ಸ್ಕಾರ್ಫು. ಸ್ಪೀಕರಿನಿಂದ ಅವಳದೇ ದನಿ ಹೊಮ್ಮಿತು. ಮೊದಲ ಸಾಲು ಮುಗಿಯಿತು. ಅಮ್ಮ ಕೈ ಎತ್ತಿದಳು, ಸಭೆ ಬಾಯಿ ತೆರೆಯಿತು. "ಹೌ..." ಎನ್ನುವಷ್ಟರಲ್ಲಿ ಎರಡನೇ ಸಾಲು ಬಂದೇಬಿಟ್ಟಿತು. ಮೂರನೆಯದೂ ಹಾಗೇ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಾಯಿ ಮುಚ್ಚಿದರು.

ಲ್ಯಾಪ್‌ಟಾಪ್ ಮುಂದೆ ನಿಂತು ಹಾಡು ಹಚ್ಚಿದ್ದ ಆ ಮಿಕ್ಸಿಂಗ್ ಪುಣ್ಯಾತ್ಮನ ಕೊರಳಪಟ್ಟಿ ಹಿಡಿದೆ ನಾನು.

"ಖಾಲಿ ಇತ್ತಲ್ಲ ಗುರೂ, ಕತ್ತರಿಸ್ದೆ. ಈಗ ನೋಡು, ಹೇಗೆ ಓಡ್ತಾ ಇದೆ!"

"ಓಡಕ್ಕೆ ಅದೇನು ಬಸ್ಸೇನೋ? ಮೊದಲಿಂದು ಎಲ್ಲಿ?"

"ಅಳಿಸ್ಬಿಟ್ಟೆ."

ಅಳಿಸಿಬಿಟ್ಟನಂತೆ! ಇನ್ನೆಂದೂ ಹುಟ್ಟದ ದನಿ ಅದು. ನನಗೆ ಅಳು ಬಂತು, ಅವನನ್ನು ಅಲ್ಲೇ ಹೂತುಹಾಕುವಷ್ಟು ಕೋಪವೂ ಬಂತು.

ಅಮ್ಮನ ಕೈ ಇನ್ನೂ ಮೇಲೆಯೇ ಇತ್ತು. ಅವಳ ದನಿ ಅವಳ ಕೈಗೇ ಕಾಯುತ್ತಿರಲಿಲ್ಲ. ಹಿರಿಯರ ನಡುವೆ ಬಾಯಿ ಹಾಕಿದಾಗ ನನ್ನನ್ನು ದುರುಗುಟ್ಟಿ ನೋಡುತ್ತಿದ್ದಳಲ್ಲ, ಹಾಗೆ ಸ್ಪೀಕರನ್ನು ನೋಡಿದಳು. ಎದ್ದು ಬಂದಳು. ನಮ್ಮಿಬ್ಬರನ್ನೂ ಪಕ್ಕಕ್ಕೆ ತಳ್ಳಿ ಹಾಡನ್ನು ಮೊದಲಿನಿಂದ ಹಚ್ಚಿದಳು. ಸಾಲು ಮುಗಿದದ್ದೇ ತಡ, ಲ್ಯಾಪ್‌ಟಾಪಿನ ಗುಂಡಿ ಒತ್ತಿ ನಿಲ್ಲಿಸಿದಳು. ಬಲಗೈ ಎತ್ತಿದಳು.

"ಹೌದು ಕರ್ತನೇ!" ಎಂದಿತು ಸಭೆ, ಕಿಟಕಿ ಗಾಜು ಅದುರುವ ಹಾಗೆ.

ಕೈ ಇಳಿಸಿದಳು, ಮತ್ತೆ ಗುಂಡಿ ಒತ್ತಿದಳು.

ಈಗ ಆ ಹಾಡು ಎಲ್ಲೆಲ್ಲೋ ನಿಲ್ಲದೆ ಓಡುತ್ತಿದೆಯಂತೆ, ಓಡಲಿ. ನಮ್ಮಲ್ಲಿ ಮಾತ್ರ ಭಾನುವಾರ ಅಮ್ಮನ ಕೈ ಇಳಿಯುವವರೆಗೆ ಅದು ಕಾಯಲೇಬೇಕು.