ಗ್ಯಾಸ್ ಅಲಾರಂ ಸುಮ್ಮನಿದ್ದ ಮೂರು ವಾರ

ಭಾನುವಾರ ಬೆಳಿಗ್ಗೆ ನನ್ನ ಕೈ ಸುಮ್ಮನಿರುವುದಿಲ್ಲ. ಕಾಫಿ ಲೋಟ ತೊಳೆದಿಡುವಷ್ಟರಲ್ಲಿ ಮನಸ್ಸು ಅಂಗಳದಲ್ಲಿ ನಿಂತಿರುವ ವ್ಯಾನಿಗೆ ಓಡಿರುತ್ತದೆ. ಪಂಪಿನ ಫಿಲ್ಟರ್ ಕಟ್ಟಿಕೊಂಡಿತೇನೋ, ಬ್ಯಾಟರಿ ಇಳಿಯಿತೇನೋ, ಸಿಂಕಿನ ಕೊಳೆನೀರಿನ ಟ್ಯಾಂಕ್ ತುಂಬಿತೇನೋ. ನಮ್ಮ ಅಬ್ಬಿಗೆರೆಯ ಬೋರ್‌ವೆಲ್ ನೀರು ಎಂಥ ಫಿಲ್ಟರನ್ನಾದರೂ ತಿಂಗಳೊಳಗೆ ಕಲ್ಲು ಮಾಡಿಬಿಡುತ್ತದೆ. ಮೇಲೆ ಹತ್ತಿ, ಕೆಳಗೆ ಇಳಿದು, ವ್ಯಾನಿನಡಿ ತೂರಿ ನೋಡದಿದ್ದರೆ ನನಗೆ ತಿಂಡಿ ಸೇರುವುದಿಲ್ಲ. "ಚಕ್ರ ನಿನ್ ಕಾಲಿಗೆ ಕಟ್ಟವ್ರೆ ಕಣೇ, ವ್ಯಾನಿಗಲ್ಲ," ಎಂದು ನನ್ನ ಗಂಡ ನಗುತ್ತಾರೆ.

ಅದು ಅವರು ಬಾಡಿಗೆಗೆ ಓಡಿಸುತ್ತಿದ್ದ ಹಳೆಯ ಟೂರಿಸ್ಟ್ ವ್ಯಾನು. ಆ ಕೆಲಸ ಬಿಟ್ಟ ಮೇಲೆ ಸೀಟುಗಳನ್ನು ಕಿತ್ತು, ಮಂಚ, ಸಿಂಕು, ನೀರಿನ ಟ್ಯಾಂಕು, ಒಂದು ಗ್ಯಾಸ್ ಒಲೆ ಕೂರಿಸಿದೆವು. ವರ್ಷಕ್ಕೆ ಎರಡು ಸಲ ಊರೂರು ಸುತ್ತಿ ಅದರಲ್ಲೇ ಮಲಗುತ್ತೇವೆ. ಉಳಿದ ದಿನವೆಲ್ಲ ಅದು ನಮ್ಮತ್ತೆಯ ಕೋಣೆ. ಒಂದು ಕಾಲಕ್ಕೆ ನಮ್ಮದೇ ರಾಗಿ ಹೊಲವಾಗಿದ್ದ ಪಕ್ಕದ ಸೈಟಿನಲ್ಲಿ ಈಗ ಐದು ಅಂತಸ್ತು ಏಳುತ್ತಿದೆ. ಬೆಳಗಿನಿಂದ ಸಂಜೆಯವರೆಗೆ ಧೂಳು, ಕಲ್ಲು ಕೊಯ್ಯುವ ಸದ್ದು. ಮಧ್ಯಾಹ್ನ ಉಂಡ ಮೇಲೆ ಅತ್ತೆ ವ್ಯಾನ್ ಹತ್ತಿ, ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿ, ಒಂದು ಲೋಟ ಟೀ ಕಾಸಿ ಕುಡಿದು, ನಾಲ್ಕರವರೆಗೆ ನಿದ್ದೆ ಮಾಡುತ್ತಾರೆ.

ಎರಡು ವರ್ಷದ ಹಿಂದೆ ಜ್ವರವೊಂದು ಬಂದು ಹೋದಾಗಿನಿಂದ ಅವರಿಗೆ ವಾಸನೆ ತಿಳಿಯುವುದಿಲ್ಲ. ಪಕ್ಕದಲ್ಲೇ ಹಾಲು ಸೀದರೂ ಗೊತ್ತಾಗುವುದಿಲ್ಲ. ಅದಕ್ಕೇ ಹಠ ಹಿಡಿದು ವ್ಯಾನಿನಲ್ಲಿ ಗ್ಯಾಸ್ ಅಲಾರಂ ಹಾಕಿಸಿದ್ದು ನಾನು. ಸೋರಿದ ಗ್ಯಾಸು ಕೆಳಗೇ ಕೂರುತ್ತದೆಂದು ಅದನ್ನು ನೆಲದ ಹತ್ತಿರ, ಒಲೆಯ ಕೆಳಗೆ ಕೂರಿಸಿದ್ದರು. ಆದರೆ ಆ ಪೆಟ್ಟಿಗೆಗೆ ಊದುಬತ್ತಿಯ ಹೊಗೆಯನ್ನೂ ಕಂಡರಾಗದು. ಶುಕ್ರವಾರ ಅತ್ತೆ ಊದುಬತ್ತಿ ಹಿಡಿದು ವ್ಯಾನ್ ಹತ್ತಿದರೆ ಸಾಕು, ಬೀದಿಗೆಲ್ಲ ಕೇಳುವಂತೆ ಅರಚುತ್ತಿತ್ತು.

ಕಳೆದ ಆಯುಧಪೂಜೆಯ ದಿನ ವ್ಯಾನಿಗೆ ಬಾಳೆಕಂದು ಕಟ್ಟಿ, ಒಳಗೆಲ್ಲ ಚೆಂಡು ಹೂವಿನ ಹಾರ ಬಿಟ್ಟಿದ್ದೆವು. ಸಾಂಬ್ರಾಣಿ ಹಾಕಿದ್ದೇ ತಡ, ಅಲಾರಂ ಶುರುವಾಯಿತು. ಅತ್ತೆ ಕರ್ಪೂರದಾರತಿ ಹಿಡಿದು ನಿಂತಿದ್ದರು. "ಮಂಗ್ಳಾರತಿ ಒತ್ನಲ್ಲಿ ಇಂಗ್ ಅರಚ್ಕೊಂಡ್ರೆ ಎಂಗಮ್ಮ? ಮೊದ್ಲು ಅದ್ರ ಬಾಯ್ ಮುಚ್ಚು," ಅಂದರು. ನನಗೂ ರೇಗಿತ್ತು. ಅದರ ಫ್ಯೂಸನ್ನು ಕಿತ್ತೆ. ಹೆಬ್ಬೆರಳ ಉಗುರಿನಷ್ಟು ಸಾಮಾನು, ಎಲ್ಲಿಡುವುದೆಂದು ತೋಚದೆ, ಸ್ಪ್ಯಾನರ್, ಸ್ಕ್ರೂಡ್ರೈವರ್‌ಗಳನ್ನು ಪೂಜೆಗಿಟ್ಟಿದ್ದ ತಟ್ಟೆಗೇ ಹಾಕಿದೆ. ಆಮೇಲೆ ಕುಂಬಳಕಾಯಿ ಒಡೆದದ್ದು, ಬಂದವರಿಗೆ ಪುರಿ ಹಂಚಿದ್ದು, ಎಲ್ಲ ಮುಗಿಯುವಷ್ಟರಲ್ಲಿ ಫ್ಯೂಸಿನ ನೆನಪು ಹೋಗಿಬಿಟ್ಟಿತ್ತು.

ನಂತರದ ಎರಡು ಭಾನುವಾರವೂ ಪಂಪು ನೋಡಿದೆ, ಬ್ಯಾಟರಿ ನೋಡಿದೆ. ಅಲಾರಂ ನೋಡಲಿಲ್ಲ. ಅದು ತಾನಾಗಿ ಕೂಗುವ ವಸ್ತು, ಅದನ್ನೇನು ನೋಡುವುದು ಅಂದುಕೊಂಡಿದ್ದೆ. ಒಂದು ಶುಕ್ರವಾರ ಅತ್ತೆ ಊದುಬತ್ತಿ ಬೆಳಗಿ ಇಳಿದು ಬಂದು, "ಅದುಕ್ಕೂ ಈಗ ಬುದ್ಧಿ ಬಂದೈತೆ ಕಣಮ್ಮ, ಸುಮ್ಕಿತ್ತು," ಅಂದಾಗ ನಾನೂ ನಕ್ಕಿದ್ದೆ. ಆ ನಗು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ತಿಂಗಳಿಗೊಮ್ಮೆ ಗ್ಯಾಸ್ ಪೈಪಿನ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ನೋಡುವುದು ನನ್ನ ರೂಢಿ. ಮೂರನೆಯ ಭಾನುವಾರ ಹಚ್ಚಿದೆ. ಒಲೆಯ ಹಿಂದಿನ ಜೋಡಣೆಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಗುಳ್ಳೆಗಳು ಒಂದಾದ ಮೇಲೊಂದು ಏಳತೊಡಗಿದವು. ಸಿಲಿಂಡರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಒಣಗಿದ ಚೆಂಡು ಹೂವಿನ ಹಾರ ಸರಿಸಿ ಅಲಾರಂ ನೋಡಿದರೆ, ಅದರ ದೀಪ ಉರಿಯುತ್ತಿಲ್ಲ, ಫ್ಯೂಸೇ ಇಲ್ಲ.

"ರೀ, ಯಾರ್ರೀ ಇದ್ರ ಫ್ಯೂಸ್ ಕಿತ್ತಿದ್ದು? ಈ ಮನೇಲಿ ಒಬ್ರಿಗಾದ್ರೂ ಜವಾಬ್ದಾರಿ ಅನ್ನೋದಿದ್ಯಾ?" ಎಂದು ಅಂಗಳದಲ್ಲಿ ನಿಂತು ಕೂಗಾಡಿದೆ. ನನ್ನ ಗಂಡ ಪೇಪರ್ ಮಡಚಿ, "ನಾನ್ ಮುಟ್ಟಿಲ್ಲ ಕಣೇ," ಅಂದರು. ನಾನು ಬಿಡಲಿಲ್ಲ. ಹಿಂದೆಂದೋ ಅವರು ಮುಚ್ಚಲು ಮರೆತ ನಲ್ಲಿಯಿಂದ ಹಿಡಿದು ಎಲ್ಲವನ್ನೂ ಎತ್ತಿ ಆಡಿದೆ. ಪಕ್ಕದ ಕಟ್ಟಡದ ಗಾರೆಯವರೂ ಕೆಲಸ ನಿಲ್ಲಿಸಿ ನೋಡಿದರು.

ಅಷ್ಟರಲ್ಲಿ ಅತ್ತೆ ದೇವರ ಮನೆಯಿಂದ ಬಂದರು. ಅಂಗೈಯಲ್ಲೊಂದು ವೀಳ್ಯದೆಲೆ. ಎಲೆಯ ಮೇಲೆ ಅರಿಶಿನ ಕುಂಕುಮ ಹಚ್ಚಿದ ಫ್ಯೂಸು.

"ಇದಾ ನೋಡಮ್ಮ? ನೀನೇ ಪೂಜೆಗ್ ಇಟ್ಟಿದ್ದಲ್ವಾ. ಪೂಜೆಗ್ ಇಟ್ಟಿದ್ದನ್ನ ಇಟ್ಟೋರೇ ಎತ್ಕೋಬೇಕು. ನೀನು ಎತ್ಕಳ್ಳೇ ಇಲ್ಲ. ಅದುಕ್ಕೆ ದೇವ್ರ ಮುಂದೆ ಮಡ್ಗಿ ದಿನಾ ಒಂದು ಊವ ಇಕ್ತಿದ್ದೆ."

ತಟ್ಟೆಗೆ ಹಾಕಿದ್ದು ಆಗ ನೆನಪಾಯಿತು. ಮೂರು ವಾರದ ಮಧ್ಯಾಹ್ನಗಳು, ಮುಚ್ಚಿದ ಕಿಟಕಿಗಳು, ಟೀಗೆಂದು ಅವರು ಗೀರಿದ ಒಂದೊಂದು ಬೆಂಕಿಕಡ್ಡಿ. ಮನೆಯವರ ಮೇಲೆಲ್ಲ ಹಾರಾಡಿದವಳು ನಾನು, ಅತ್ತೆಯ ಜೀವಕ್ಕೆ ಸಂಚಕಾರ ತಂದವಳೂ ನಾನೇ. ಗಂಡ ಸ್ಕೂಟರ್ ತೆಗೆದು ಗೊರಗುಂಟೆಪಾಳ್ಯಕ್ಕೆ ಹೋಗಿ ಹೊಸ ಪೈಪು ತಂದು ಜೋಡಿಸಿದರು. ಮೂರು ಸಲ ನೊರೆ ಹಚ್ಚಿ ನೋಡಿದೆ. ಫ್ಯೂಸಿನ ಕುಂಕುಮ ಒರೆಸಿ, ಹಾಕಿ, ಅಲಾರಂ ಗುಂಡಿ ಒತ್ತಿದೆ. ಅರಚಿತು.

ಮಧ್ಯಾಹ್ನ ಊಟ ಮುಗಿಸಿ ಅತ್ತೆ ಎಂದಿನಂತೆ ವ್ಯಾನಿನ ಕಡೆ ಹೊರಟರು. "ಇವತ್ತೊಂದಿನ ಮನೇಲೇ ಮಲಗಿ ಅತ್ತೆ," ಅಂದೆ. ಆಗಿದ್ದು ಏನೆಂದು ಬಿಡಿಸಿ ಹೇಳಿದೆ, ತಪ್ಪು ನನ್ನದೇ ಅಂದೆ. ಅವರು ಪೂರ್ತಿ ಕೇಳಿ, ಸೆರಗು ಸರಿಮಾಡಿಕೊಂಡು, "ಈಗ ನೀನ್ ನೋಡಿದ್ದೀಯಲ್ಲ, ಇನ್ನೇನ್ ಬುಡು," ಎಂದು ಹತ್ತಿ ಮಲಗಿಬಿಟ್ಟರು. ನಾನು ತೆರೆದಿಟ್ಟಿದ್ದ ಕಿಟಕಿಯನ್ನು ಧೂಳು ಬರುತ್ತದೆಂದು ಒಳಗಿನಿಂದ ಎಳೆದು ಮುಚ್ಚಿಕೊಂಡರು.

ಮನೆಯೊಳಗೆ ಪಾತ್ರೆ ಹಾಗೇ ಬಿದ್ದಿದ್ದವು, ಫಿಲ್ಟರ್ ತೊಳೆಯುವುದು ಬಾಕಿಯಿತ್ತು. ಅವರ ಗೊರಕೆ ಕೇಳುತ್ತಾ ನಾಲ್ಕು ಗಂಟೆಯವರೆಗೆ ನಾನು ವ್ಯಾನಿನ ಮೆಟ್ಟಿಲ ಮೇಲಿಂದ ಏಳಲಿಲ್ಲ.