ಕಡಸು ಹೋದರೂ ಸೋತೆ ಎನ್ನದವರು

ಮೊನ್ನೆ ಭಾನುವಾರ ಟೀವಿಯಲ್ಲಿ ಯಾವುದೋ ಹಳೇ ಇಂಗ್ಲಿಷ್ ಸಿನಿಮಾ. ಇಬ್ಬರು ಇಸ್ಪೀಟು ಎದುರಾಳಿಗಳು, ಮೇಜಿನ ತುಂಬ ದುಡ್ಡು. ಮಾತು ಒಂದೂ ಅರ್ಥವಾಗದಿದ್ದರೂ ನನ್ನ ಯಜಮಾನರು ಕಾಫಿ ಕುಡಿಯುವುದನ್ನೂ ಮರೆತು ಕೂತಿದ್ದರು.

“ಆ ಮುದುಕನ ಮುಖ ನೋಡೇ! ಸೋಲ್ತಿದಾನೋ ಗೆಲ್ತಿದಾನೋ ಗೊತ್ತೇ ಆಗಲ್ಲ. ಗಂಡಸು ಅಂದ್ರೆ ಹಂಗಿರ್ಬೇಕು.”

ನನ್ನ ಮೈಯೆಲ್ಲ ಉರಿದುಹೋಯಿತು. ಆ ಮುಖ ನನಗೆ ಗೊತ್ತಿಲ್ಲವೇ? ನಮ್ಮ ಕೊಟ್ಟಿಗೆಯ ಬಾಗಿಲಲ್ಲೇ ನೋಡಿದ್ದೇನೆ.

ನಮ್ಮದು ಟೇಕಲ್ ಹತ್ತಿರದ ಹಳ್ಳಿ, ನನ್ನ ತವರು ಬೈರಕೂರಿನ ಕಡೆ. ಯುಗಾದಿಯ ಮಾರನೇ ದಿನ, ವರ್ಷದೊಡಕಿಗೆ, ಬಾಡೂಟ ಮುಗಿಸಿ ಇಸ್ಪೀಟು ಆಡುವುದು ನಮ್ಮಲ್ಲಿ ನಡೆದುಬಂದದ್ದು. ಆವತ್ತು ಯಾರೂ ಯಾರನ್ನೂ ಬೈಯುವಂತಿಲ್ಲ. ನನ್ನ ತಮ್ಮ ಪ್ರತಿ ವರ್ಷ ಅದಕ್ಕೆಂದೇ ಬರುತ್ತಿದ್ದ. ಭಾವ-ಭಾವಮೈದರ ಪೈಪೋಟಿ ನೋಡಲು ಹೊಂಗೆಮರದ ಕೆಳಗೆ ಊರೇ ಸೇರುತ್ತಿತ್ತು. ನಾನು ಒಳಗೆ ಪಾತ್ರೆ ಉಜ್ಜುತ್ತಿದ್ದೆ. ಹೊರಗೆ ಏನನ್ನು ಪಣಕ್ಕಿಟ್ಟಿದ್ದಾರೆಂದು ಒಬ್ಬನಾದರೂ ಬಂದು ಹೇಳುತ್ತಿರಲಿಲ್ಲ.

ಒಂದು ವರ್ಷ, ಹಬ್ಬ ಮುಗಿದ ಮೇಲೆ ತಮ್ಮ ಸಣ್ಣ ಟೆಂಪೋ ತಂದು ನಿಲ್ಲಿಸಿದ. ಕೈಯಲ್ಲಿ ಹೊಸ ಹಗ್ಗ. ನಮ್ಮ ಕಡೆ ದನ ಕೊಟ್ಟರೂ ಅದರ ಹಳೇ ಹಗ್ಗ ಕೊಡುವುದಿಲ್ಲ, ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿ ಹೋಗುತ್ತಾಳೆ. ಒಯ್ಯುವವರೇ ಹೊಸದು ತರಬೇಕು. ಆ ಹಗ್ಗ ನೋಡುತ್ತಲೇ ಕೊಟ್ಟಿಗೆಯ ಬಾಗಿಲಿಗೆ ಓಡಿದೆ. ಕೊಟ್ಟಿಗೆಯಲ್ಲಿ ಇದ್ದದ್ದು ನನ್ನ ಕಡಸು ಒಂದೇ. ತಾಯಿ ಸತ್ತ ಕರುವನ್ನು ಸೀಸೆಯಲ್ಲಿ ಹಾಲು ಕುಡಿಸಿ ಸಾಕಿದ್ದೆ. ಚೊಚ್ಚಲ ಗಬ್ಬ. ಅದು ಈದರೆ ಡೈರಿಗೆ ನನ್ನ ಹೆಸರಿನಲ್ಲೇ ಹಾಲು ಹಾಕಬೇಕೆಂದು ಕ್ಯಾನು ಕೂಡ ತಂದಿಟ್ಟಿದ್ದೆ.

“ಅಕ್ಕಾ, ಭಾವ ನಿಂಗೆ ಹೇಳಿಲ್ವಾ?” ತಮ್ಮನೇ ಪೆಚ್ಚಾದ.

ಯಜಮಾನರು ಗೋಡೆ ನೋಡುತ್ತಿದ್ದರು. ನಾನು ಅಳುವುದನ್ನು ನೋಡಲಾರದೆ ತಮ್ಮನೇ ಸ್ವಲ್ಪ ಬಗ್ಗಿದ.

“ಬಿಡು ಭಾವ. ಕಡಸು ಅಕ್ಕನ ಹತ್ರನೇ ಇರ್ಲಿ. ‘ಸೋತೆ ಕಣೋ’ ಅಂತ ಒಂದು ಮಾತು ಅನ್ನು, ವಾಪಸ್ ಹೋಗ್ತೀನಿ.”

ಒಂದೇ ಒಂದು ಮಾತು! ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಪಣ ಅಂದ್ರೆ ಪಣ. ಹಿಡ್ಕೊಂಡು ಹೋಗು.”

“ಏಂ ಮನಿಷಿವಿ ಬಾವಾ ನುವ್ವು!” ಎಂಥ ಮನುಷ್ಯ ನೀನು ಎಂದು ತಮ್ಮ ರೇಗಿದ. ಸಿಟ್ಟು ಬಂದರೆ ನಮ್ಮ ತವರಿನವರ ಬಾಯಲ್ಲಿ ತೆಲುಗೇ ಬರುವುದು. ಆದರೆ ಅವನಾದರೂ ಹಟ ಬಿಟ್ಟನೇ? ಬರಿಗೈಲಿ ಹೋದರೆ ಗೆದ್ದದ್ದು ಗೆದ್ದಹಾಗಲ್ಲವಂತೆ. ಥೂ, ಇಬ್ಬರ ಮುಖಕ್ಕೂ! ಹಳೇ ಹಗ್ಗ ನಾನೇ ಬಿಚ್ಚಿದೆ. ಕಡಸು ಟೆಂಪೋ ಹತ್ತಲು ಒಲ್ಲದೆ ನನ್ನತ್ತಲೇ ತಿರುಗುತ್ತಿತ್ತು. ಅದು ಬೈರಕೂರಿನಲ್ಲೇ ಈಯಿತು. ಹಾಲನ್ನು ತಮ್ಮನ ಹೆಂಡತಿ ಡೈರಿಗೆ ಹಾಕುತ್ತಾಳೆ. ನನ್ನ ಕ್ಯಾನಿನಲ್ಲಿ ಈಗ ರಾಗಿಹಿಟ್ಟು ಇದೆ.

ಇದೆಲ್ಲ ನೆನಪಾಗಿ ತಡೆಯಲಾಗದೆ ಮೊನ್ನೆ ಎದ್ದುಹೋಗಿ ಟೀವಿ ಆರಿಸಿಬಿಟ್ಟೆ. ಸಿನಿಮಾದಲ್ಲಿ ಆ ಮುದುಕ ಕೊನೇ ಎಲೆಗೆ ಕೈ ಹಾಕಿದ್ದ.

“ಲೇ, ಹಾಕೇ! ಯಾರು ಗೆದ್ರು ಅಂತ ನೋಡ್ಬೇಕು!”

“‘ಸೋತೆ’ ಅಂತ ಒಂದು ಮಾತು ಅನ್ನಿ, ಹಾಕ್ತೀನಿ.”

ಅನ್ನಲಿಲ್ಲ. ಆರಿದ ಕಾಫಿ ಕೈಯಲ್ಲಿ ಹಿಡಿದು, ಕಪ್ಪು ಟೀವಿಯನ್ನೇ ನೋಡುತ್ತಾ ಕೂತರು.